ಓದಿ ಹೇಳದ ನಡಾವಳಿಗೆ ಸಹಿ ಬೇಡ

(ಸ್ವ-ಸಹಾಯ ಸಂಘಗಳ ಪ್ರತಿನಿಧಿಗಳ ತರಬೇತಿಯಲ್ಲಿ ಸಂಘವೊಂದರ ಸದಸ್ಯೆಯರು ಹಂಚಿಕೊಂಡ ಮಾತು)



ಸಭೆ ನಡೆಸೋದರಲ್ಲಿ ಕಲಿಯೋದೇನಿದೆ, ವಾರ ವಾರ ಕೂರುತ್ತೇವಲ್ಲ ಎಂದು ನಾವೂ ಅಂದುಕೊಂಡಿದ್ದೆವು. ನಮ್ಮ ಸಂಘದಲ್ಲಿ 16 ಜನ. ಮೊದಲ ಎರಡು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಒಬ್ಬೊಬ್ಬರೇ ಉಳಿತಾಯದ ಹಣವನ್ನು ಮಕ್ಕಳ ಕೈಲಿ ಕಳಿಸತೊಡಗಿದೆವು. "ಅಕ್ಕಾ, ನೀವೇ ಬರ್ಕೊಳ್ಳಿ, ಆಮೇಲೆ ಸಹಿ ಹಾಕ್ತೀನಿ" ಅನ್ನುವುದು ರೂಢಿಯಾಯಿತು. ನಡಾವಳಿ ಪುಸ್ತಕ ಮನೆ ಮನೆ ಸುತ್ತಿ ಸಹಿ ಪಡೆದು ಬರುತ್ತಿತ್ತು. ಖಾಲಿ ಹಾಳೆಗೂ ಸಹಿ ಹಾಕಿದ್ದೇವೆ, ಹೆಬ್ಬೆಟ್ಟು ಒತ್ತಿದ್ದೇವೆ.

ಒಂದು ದಿನ ಸದಸ್ಯೆಯೊಬ್ಬರು ಮಗಳ ಹೆರಿಗೆಗೆ ಸಾಲ ಕೇಳಿದರು. ಸಂಘದಲ್ಲಿ ಹಣವಿರಲಿಲ್ಲ. ಪುಸ್ತಕ ತೆರೆದು ನೋಡಿದರೆ ಇನ್ನೊಬ್ಬರಿಗೆ 8,000 ರೂಪಾಯಿ ಸಾಲ ಕೊಡಲು 'ಎಲ್ಲರೂ ಒಪ್ಪಿರುತ್ತೇವೆ' ಎಂದು ಬರೆದಿತ್ತು. ಕೆಳಗೆ ನಮ್ಮದೇ ಸಹಿ! ಒಪ್ಪಿದ್ದು ಯಾವಾಗ ಎಂದು ಒಬ್ಬರಿಗೂ ಗೊತ್ತಿಲ್ಲ. ನಮ್ಮ ಪ್ರತಿನಿಧಿ ಕದ್ದಿರಲಿಲ್ಲ. ಅವಸರ ಎಂದು ಬಂದವರಿಗೆ ಮನೆ ಬಾಗಿಲಲ್ಲೇ ಕೊಟ್ಟುಬಿಟ್ಟಿದ್ದರು. ಆದರೆ ಆ ತಾಯಿ ಸಾಹುಕಾರರ ಹತ್ತಿರ ಬಡ್ಡಿಗೆ ಹಣ ತರಬೇಕಾಯಿತು. ತಪ್ಪು ಬರೆದವರದ್ದೂ ಹೌದು, ಓದದೆ ಸಹಿ ಹಾಕಿದ ನಮ್ಮೆಲ್ಲರದ್ದೂ ಹೌದು.

ಅಂದು ಎಲ್ಲರೂ ಕೂತು ಮಾಡಿಕೊಂಡ ನಿಯಮಗಳು ಇವು:

1. ಸಭೆಯ ವಾರ, ಸಮಯ, ಜಾಗ ಬದಲಾಗುವುದಿಲ್ಲ. ಎಲ್ಲರ ಮುಖ ಎಲ್ಲರಿಗೂ ಕಾಣುವಂತೆ ವೃತ್ತಾಕಾರದಲ್ಲಿ ಕೂರುತ್ತೇವೆ.

2. ಮೊದಲು ಹಾಜರಾತಿ. ಮೂರರಲ್ಲಿ ಎರಡು ಭಾಗ, ಅಂದರೆ 11 ಜನ ಇಲ್ಲದಿದ್ದರೆ ಸಾಲದ ತೀರ್ಮಾನ ಇಲ್ಲ. ಹೇಳದೆ ತಪ್ಪಿಸಿದವರಿಗೆ 10 ರೂಪಾಯಿ ದಂಡ. ಕಾಯಿಲೆಯವರಿಗೆ, ಬಾಣಂತಿಯರಿಗೆ ದಂಡವಿಲ್ಲ.

3. ಹಿಂದಿನ ವಾರದ ನಡಾವಳಿ ಓದಿ, ಒಪ್ಪಿದ ಕೆಲಸ ಆಯಿತೇ ಎಂದು ಕೇಳುತ್ತೇವೆ. ಅನಂತರ ಇಂದಿನ ವಿಷಯಗಳು.

4. ಉಳಿತಾಯ, ಸಾಲದ ಕಂತು ಎಲ್ಲರೆದುರು ಎಣಿಸಿ, ಪಾಸ್ ಪುಸ್ತಕಕ್ಕೆ ಅಲ್ಲೇ ಬರೆಯುತ್ತೇವೆ.

5. ಸಾಲ ಬೇಕಾದವರು ಯಾಕೆ, ಎಷ್ಟು, ಎಷ್ಟು ಕಂತು ಎಂದು ತಾವೇ ಹೇಳಬೇಕು. ಒಬ್ಬರು ಮಾತಾಡುವಾಗ ಉಳಿದವರು ಕೇಳಬೇಕು. ಸುಮ್ಮನೆ ಕೂತವರನ್ನು ಮೊದಲು ಕೇಳುತ್ತೇವೆ, ಜೋರು ಬಾಯಿಯವರಿಗೆ ಕೊನೆಗೆ ಅವಕಾಶ. ಸಾಲ ಪಡೆಯುವವರು ಆ ತೀರ್ಮಾನಕ್ಕೆ ಕೈ ಎತ್ತುವಂತಿಲ್ಲ.

6. ಕೊನೆಗೆ ಬರೆದದ್ದನ್ನು ಗಟ್ಟಿಯಾಗಿ ಓದಿ, ಕೊನೆಯ ಸಾಲಿನ ಕೆಳಗೆ ಗೆರೆ ಎಳೆದ ಮೇಲೆಯೇ ಸಹಿ. ಆಮೇಲೆ ಒಂದಕ್ಷರ ಸೇರಿಸಲು ಜಾಗವಿರಬಾರದು.

ರಾತ್ರೋರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ? 1,000 ರೂಪಾಯಿವರೆಗೆ ಇಬ್ಬರು ಪ್ರತಿನಿಧಿಗಳು ಸೇರಿ ಕೊಡಬಹುದು, ಮುಂದಿನ ಸಭೆಯಲ್ಲಿ ಮೊದಲು ಅದನ್ನೇ ತಿಳಿಸಬೇಕು ಎಂದು ನಿರ್ಣಯ ಬರೆದಿಟ್ಟಿದ್ದೇವೆ.

ನಬಾರ್ಡ್ 1992ರಲ್ಲಿ ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಕೆಲಸ ಆರಂಭಿಸಿತು. ಸಂಘಕ್ಕೆ ಸಾಲ ಕೊಡುವ ಮುಂಚೆ ಬ್ಯಾಂಕಿನವರು ಪಂಚಸೂತ್ರ ನೋಡುತ್ತಾರೆ: ನಿಯಮಿತ ಸಭೆ, ನಿಯಮಿತ ಉಳಿತಾಯ, ಆಂತರಿಕ ಸಾಲ, ಸಕಾಲದ ಮರುಪಾವತಿ, ಸರಿಯಾದ ಪುಸ್ತಕ ನಿರ್ವಹಣೆ. ಸಭೆಯೇ ಮೊದಲ ಸೂತ್ರ. ಅದು ಸಡಿಲವಾದರೆ ಉಳಿದ ನಾಲ್ಕೂ ಸಡಿಲ.

ಲೆಕ್ಕ ಕೇಳಿದರೆ ಸ್ನೇಹ ಕೆಡುತ್ತದೆ ಅಂತಾರೆ. ನಮ್ಮಲ್ಲಿ ಕೇಳದೆ ಕೆಟ್ಟಿತು. ಆ 8,000 ರೂಪಾಯಿ ಕಂತು ಕಂತಾಗಿ ವಾಪಸ್ಸು ಬಂತು, ಸಾಹುಕಾರರಿಗೆ ಕಟ್ಟಿದ ಬಡ್ಡಿ ಬರಲಿಲ್ಲ.

ಆದ್ದರಿಂದ ಸಹೋದರಿಯರೇ, ಮುಂದಿನ ಸಭೆಯಲ್ಲಿ ಪೆನ್ನು ಹಿಡಿಯುವ ಮುಂಚೆ ಒಂದು ಮಾತು ಕೇಳಿ: "ಅಕ್ಕಾ, ಏನು ಬರ್ದಿದ್ದೀರಿ, ಸ್ವಲ್ಪ ಓದಿ ಹೇಳಿ." ಬರೆಯುವ ಅಕ್ಕಂದಿರು ಬೇಜಾರು ಮಾಡ್ಕೋಬೇಡಿ. ಎಲ್ಲರೂ ಕೇಳಿ ಹಾಕಿದ ಸಹಿ ನಿಮ್ಮನ್ನೂ ಕಾಯುತ್ತದೆ.