ಒಂದು ತಂಡ ತಿಳಿ ಬಣ್ಣ, ಇನ್ನೊಂದು ಗಾಢ ಬಣ್ಣ

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ಕ್ರೀಡೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಸಮಿತಿಯವರು ಹೇಳಿದ್ದಾರೆ. ನಾನು ಆರಿಸಿಕೊಂಡಿರುವ ವಿಷಯ ಬಹಳ ಸಣ್ಣದು. ಫುಟ್‌ಬಾಲ್ ಆಡುವ ಎರಡು ತಂಡಗಳು ಯಾವ ಬಣ್ಣದ ಜರ್ಸಿ ತೊಡಬೇಕು? ಇಷ್ಟೇ. ಇದರಲ್ಲಿ ಮಾತಾಡುವುದಕ್ಕೆ ಏನಿದೆ ಎಂದು ನಿಮಗೆ ಅನ್ನಿಸಬಹುದು. ನನ್ನಂಥವರಿಗೆ ಮಾತ್ರ ಆಟ ಅರ್ಥವಾಗುತ್ತದೋ ಇಲ್ಲವೋ ಎಂಬುದು ಅದರ ಮೇಲೆಯೇ ನಿಂತಿದೆ. ನನಗೆ ವರ್ಣಾಂಧತೆ ಇದೆ.

ಹೀಗೆ ಹೇಳಿದ ಕೂಡಲೇ ಎದುರಿಗಿದ್ದವರು ಜೇಬಿನಿಂದ ಪೆನ್ನು ತೆಗೆದು, "ಹಾಗಾದರೆ ಇದು ಯಾವ ಬಣ್ಣ ಹೇಳಿ ನೋಡೋಣ" ಎನ್ನುತ್ತಾರೆ. ನನಗೆ ಲೋಕವೆಲ್ಲ ಕಪ್ಪು-ಬಿಳುಪಾಗಿ ಕಾಣುವುದಿಲ್ಲ. ಬಣ್ಣಗಳು ಕಾಣುತ್ತವೆ. ಆದರೆ ಕೆಂಪು, ಹಸಿರು, ಕಂದು ಈ ಬಣ್ಣಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಕಣ್ಣಿನ ಹಿಂಭಾಗದಲ್ಲಿ ಬಣ್ಣ ಗ್ರಹಿಸುವ ಮೂರು ಬಗೆಯ ಶಂಕುಕೋಶಗಳಿವೆ. ಅವುಗಳಲ್ಲಿ ಒಂದು ಬಗೆ ಇಲ್ಲದಿದ್ದರೆ ಅಥವಾ ಸರಿಯಾಗಿ ಕೆಲಸ ಮಾಡದಿದ್ದರೆ ಹೀಗಾಗುತ್ತದೆ. ಕೆಂಪು-ಹಸಿರಿನ ದೋಷಕ್ಕೆ ಕಾರಣವಾದ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸರಿಗೆ ಎಕ್ಸ್ ಒಂದೇ ಇರುವುದರಿಂದ ಅವರಲ್ಲಿಯೇ ಇದು ಹೆಚ್ಚು. ಉತ್ತರ ಯುರೋಪ್ ಮೂಲದವರಲ್ಲಿ ಸುಮಾರು 12 ಗಂಡಸರಲ್ಲಿ ಒಬ್ಬರಿಗೆ, 200 ಹೆಂಗಸರಲ್ಲಿ ಒಬ್ಬರಿಗೆ ಇದು ಇದೆ. ಆ ಲೆಕ್ಕ ಹಿಡಿದರೆ ಅಲ್ಲಿ ಮೈದಾನದಲ್ಲಿರುವ 22 ಆಟಗಾರರಲ್ಲಿ ಹೆಚ್ಚುಕಡಿಮೆ ಇಬ್ಬರು ನನ್ನವರೇ.

ವಿಜ್ಞಾನದ ಪಾಠದಲ್ಲಿ ಪರಮಾಣು ಸಿದ್ಧಾಂತದ ಜಾನ್ ಡಾಲ್ಟನ್ ಹೆಸರು ಓದಿದ್ದೀರಿ. ಅವರೂ ನನ್ನ ಜಾತಿಯವರೇ! 1794ರಲ್ಲಿ ಮ್ಯಾಂಚೆಸ್ಟರಿನಲ್ಲಿ ತಮ್ಮದೇ ಕಣ್ಣಿನ ಬಗ್ಗೆ ಪ್ರಬಂಧ ಓದಿದರು. ಕಣ್ಣೊಳಗಿನ ದ್ರವ ನೀಲಿಯಾಗಿರಬೇಕು ಎಂದು ಅವರ ಊಹೆ. ಸತ್ತ ಮೇಲೆ ಪರೀಕ್ಷಿಸಿ ಎಂದು ಹೇಳಿಹೋಗಿದ್ದರು. ನೋಡಿದರೆ ದ್ರವ ತಿಳಿಯಾಗಿಯೇ ಇತ್ತು. ಉಳಿಸಿಟ್ಟಿದ್ದ ಆ ಕಣ್ಣಿನಿಂದ 1995ರಲ್ಲಿ ಡಿಎನ್‌ಎ ತೆಗೆದು ನಿಜವಾದ ಕಾರಣ ಕಂಡುಕೊಂಡರು.

ಈಗ ಆಟಕ್ಕೆ ಬರೋಣ. ಎರಡು ತಂಡಗಳ ಉಡುಪು ಒಂದರಿಂದೊಂದು ಬೇರೆಯಾಗಿ ಗುರುತಿಸುವಂತಿರಬೇಕು ಎಂದು ಫುಟ್‌ಬಾಲಿನ 4ನೇ ನಿಯಮ ಹೇಳುತ್ತದೆ. ಯಾರ ಕಣ್ಣಿಗೆ ಬೇರೆಯಾಗಿ ಕಾಣಬೇಕು? ಅದು ನಿಯಮದಲ್ಲಿ ಇಲ್ಲ. ತೊಂದರೆ ಇರುವುದು ಅಲ್ಲಿಯೇ.

1986ರ ವಿಶ್ವಕಪ್ ಫೈನಲ್ ನಮ್ಮೂರಿನಲ್ಲಿ ನಡುರಾತ್ರಿಯ ಹೊತ್ತಿಗೆ ಬಂತು. ದೂರದರ್ಶನದಲ್ಲಿ ಬಣ್ಣ ಬಂದು ನಾಲ್ಕು ವರ್ಷವಾಗಿದ್ದರೂ ನಾವು ಹುಡುಗರೆಲ್ಲ ಸೇರಿದ್ದ ಮನೆಯಲ್ಲಿದ್ದದ್ದು ಕಪ್ಪು-ಬಿಳುಪು ಟಿವಿ. ಅರ್ಜೆಂಟೀನಾದ್ದು ತಿಳಿ ಪಟ್ಟೆ, ಪಶ್ಚಿಮ ಜರ್ಮನಿಯದು ಗಾಢ ಜರ್ಸಿ. ಯಾರು ಯಾರೆಂದು ಯಾರೂ ಯಾರನ್ನೂ ಕೇಳಲಿಲ್ಲ. ಆ ಟಿವಿಯ ಮುಂದೆ ಊರಿನವರೆಲ್ಲ ನನ್ನಂತೆಯೇ ಆಗಿದ್ದರು, ಎಲ್ಲರಿಗೂ ಆಟ ಸರಿಯಾಗಿ ಕಾಣುತ್ತಿತ್ತು.

ಕಪ್ಪು-ಬಿಳುಪು ಟಿವಿಯ ಕಾಲದಲ್ಲಿ ಸಂಘಟಕರೇ ಇದರ ಬಗ್ಗೆ ಯೋಚಿಸುತ್ತಿದ್ದರು. 1978ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾದ ಮಾರ್ ದೆಲ್ ಪ್ಲಾತಾದಲ್ಲಿ ಫ್ರಾನ್ಸ್ ಮತ್ತು ಹಂಗೇರಿ ಆಡಬೇಕಿತ್ತು. ಫ್ರಾನ್ಸಿನದು ನೀಲಿ, ಹಂಗೇರಿಯದು ಕೆಂಪು. ಬಣ್ಣದಲ್ಲಿ ಎಷ್ಟು ಬೇರೆಯಾದರೂ ಕಪ್ಪು-ಬಿಳುಪು ಪರದೆಯ ಮೇಲೆ ಎರಡೂ ಒಂದೇ. ಅದಕ್ಕಾಗಿ ಒಂದು ತಂಡ ತಿಳಿ ಬಣ್ಣ ತೊಡಬೇಕೆಂದು ಏರ್ಪಾಡಾಗಿತ್ತು. ಆದರೆ ಸೂಚನೆಯಲ್ಲಿ ಗೊಂದಲವಾಗಿ ಎರಡು ತಂಡಗಳೂ ಬಿಳಿ ಜರ್ಸಿಯಲ್ಲೇ ಬಂದು ನಿಂತವು! ಕೊನೆಗೆ ಕಿಂಬರ್ಲಿ ಎಂಬ ಸ್ಥಳೀಯ ಕ್ಲಬ್ಬಿನಿಂದ ಹಸಿರು-ಬಿಳಿ ಪಟ್ಟೆಯ ಜರ್ಸಿ ಎರವಲು ತಂದು ಫ್ರಾನ್ಸ್ ಆಡಿತು. ಆಟ ತಡವಾಗಿ ಶುರುವಾಯಿತು, ಫ್ರಾನ್ಸ್ 3-1ರಲ್ಲಿ ಗೆದ್ದಿತು. ಇದನ್ನು ತಮಾಷೆಯ ಕಥೆಯೆಂದು ಹೇಳುತ್ತಾರೆ. ನನಗೆ ಅದರಲ್ಲಿ ಮುಖ್ಯವಾಗಿ ಕಾಣುವುದು ಅದರ ಹಿಂದಿದ್ದ ಒಳ್ಳೆಯ ಯೋಚನೆ. ಬಣ್ಣ ಬೇರೆಯಾದರೆ ಸಾಲದು, ಒಂದು ತಿಳಿ, ಇನ್ನೊಂದು ಗಾಢ ಆಗಿರಬೇಕು.

ಮನೆಮನೆಗೆ ಬಣ್ಣದ ಟಿವಿ ಬಂದ ಮೇಲೆ ಈ ಎಚ್ಚರ ಸಡಿಲವಾಯಿತು. 2018ರ ಜೂನ್ 14ರಂದು ಮಾಸ್ಕೋದ ಲುಜ್ನಿಕಿ ಕ್ರೀಡಾಂಗಣದಲ್ಲಿ ವಿಶ್ವಕಪ್‌ನ ಮೊದಲ ಪಂದ್ಯ. ರಷ್ಯಾ ಕೆಂಪು, ಸೌದಿ ಅರೇಬಿಯಾ ಹಸಿರು, ಕೆಳಗೆ ಹಸಿರು ಹುಲ್ಲು. ರಷ್ಯಾ 5-0ರಲ್ಲಿ ಗೆದ್ದಿತು. ಮನೆಯವರು ಒಂದೊಂದು ಗೋಲಿಗೂ ಚಪ್ಪಾಳೆ ತಟ್ಟುತ್ತಿದ್ದರೆ, ನಾನು ಪರದೆಯ ಮೂಲೆಯಲ್ಲಿದ್ದ ಅಂಕ ನೋಡಿ ಯಾರ ಗೋಲೆಂದು ತಿಳಿದುಕೊಳ್ಳುತ್ತಿದ್ದೆ. ವರ್ಣಾಂಧತೆ ಇರುವ ಪ್ರೇಕ್ಷಕರು ಬೇರೆ ಬೇರೆ ದೇಶಗಳಿಂದ ಆಕ್ಷೇಪಿಸಿದರು.

ನೋಡುವವರ ಕಷ್ಟ ಇಷ್ಟಾದರೆ ಆಡುವವರದು? ಡೆನ್ಮಾರ್ಕಿನ ಮಧ್ಯ ಆಟಗಾರ ಥಾಮಸ್ ಡಿಲೇನಿ ತಮಗೆ ವರ್ಣಾಂಧತೆ ಇದೆಯೆಂದು ಅದೇ 2018ರಲ್ಲಿ ಬಹಿರಂಗವಾಗಿ ಹೇಳಿದರು. ದೇಶದ ತಂಡದಲ್ಲಿ ಆಡುವವರಿಗೇ ಹೀಗಿರುವಾಗ, ಹೇಳಿಕೊಳ್ಳಲಾರದ ಹುಡುಗರು ಎಷ್ಟಿರಬೇಕು! ಚೆಂಡು ಕಾಲಿಗೆ ಬಂದಾಗ ತಲೆ ಎತ್ತಿ ಯಾರಿಗೆ ಕೊಡಲಿ ಎಂದು ನೋಡಲು ಸಿಗುವುದು ಅರೆಕ್ಷಣ. ಕಣ್ಣು ಸರಿಯಿದ್ದವರಿಗೂ ಉಡುಪು ಎಷ್ಟು ಮುಖ್ಯ ಎನ್ನುವುದಕ್ಕೆ 1996ರ ಏಪ್ರಿಲ್‌ನ ಪಂದ್ಯವೊಂದಿದೆ. ಸೌತಾಂಪ್ಟನ್ ಎದುರು ಮ್ಯಾಂಚೆಸ್ಟರ್ ಯುನೈಟೆಡ್ ಬೂದು ಜರ್ಸಿಯಲ್ಲಿ ಆಡಿ ಅರ್ಧ ಸಮಯಕ್ಕೆ 3-0 ಹಿಂದಿತ್ತು. ಜೊತೆಯವರು ಜನಸಂದಣಿಯ ಹಿನ್ನೆಲೆಯಲ್ಲಿ ಕಾಣುತ್ತಲೇ ಇಲ್ಲ ಎಂದು ವಿರಾಮದಲ್ಲಿ ಜರ್ಸಿ ಬದಲಿಸಿದರು. ಆದರೂ 3-1ರಲ್ಲಿ ಸೋತರು, ಅದು ಬೇರೆ ಮಾತು.

2017ರಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್, ಕಲರ್ ಬ್ಲೈಂಡ್ ಅವೇರ್‌ನೆಸ್ ಎಂಬ ಸಂಸ್ಥೆಯ ಜೊತೆ ಸೇರಿ ಈ ಬಗ್ಗೆ ಒಂದು ಮಾರ್ಗದರ್ಶಿ ತಂದಿತು. ಜರ್ಸಿಯೊಂದೇ ಅಲ್ಲ, ಆಸನಗಳ ನಕ್ಷೆಯನ್ನು ಬರೀ ಬಣ್ಣದಿಂದ ತೋರಿಸಿದರೆ ಟಿಕೆಟ್ ಕೊಳ್ಳುವುದೂ ಕಷ್ಟ. ಅಂಥ ಕಡೆ ಬಣ್ಣದ ಜೊತೆ ಅಕ್ಷರವನ್ನೋ ಗುರುತನ್ನೋ ಸೇರಿಸಿದರೆ ಮುಗಿಯಿತು.

ನಮ್ಮ ದೇಶದಲ್ಲೂ ಇದು ಇದ್ದೇ ಇದೆ. ಮೋಹನ್ ಬಗಾನ್‌ನದು ಹಸಿರು-ಮರೂನ್, ಈಸ್ಟ್ ಬೆಂಗಾಲ್‌ನದು ಕೆಂಪು-ಹಳದಿ. ಆ ಬಣ್ಣಗಳಿಗಾಗಿ ಪ್ರಾಣ ಬಿಡುವ ಅಭಿಮಾನಿಗಳಿದ್ದಾರೆ, ಅದನ್ನು ಬಿಡಿ ಎಂದು ನಾನು ಹೇಳಲಾರೆ. ಗೊಂದಲವಾಗುವ ದಿನ ಒಂದು ತಂಡ ತನ್ನ ಎರಡನೇ ಜರ್ಸಿ ತೊಟ್ಟರೆ ಸಾಕು. ನಮ್ಮ ಬೆಂಗಳೂರು ಎಫ್‌ಸಿಯ ನೀಲಿ ನನಗೆ ಚೆನ್ನಾಗಿ ಕಾಣುತ್ತದೆ. ಅದರ ಎದುರು ಬಿಳಿಯೋ ಹಳದಿಯೋ ಬಂದರೆ ಸಂಜೆಯ ಆಟ ನನಗೆ ಹಬ್ಬ.

ಈ ಮಾತನ್ನೆಲ್ಲ ಇಲ್ಲಿ ಏಕೆ ಹೇಳಿದೆ? ಈ ಶಾಲೆಯಲ್ಲಿ ಓದುವಾಗ ನನ್ನ ಕಣ್ಣಿನ ವಿಷಯ ನನಗೂ ಗೊತ್ತಿರಲಿಲ್ಲ, ಮನೆಯವರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ನೇಮಕಾತಿಯ ವೈದ್ಯಕೀಯ ತಪಾಸಣೆಯಲ್ಲಿ. ಚುಕ್ಕೆಗಳ ನಡುವೆ ಅಂಕಿ ಅಡಗಿರುವ ಪುಸ್ತಕ ಮುಂದಿಟ್ಟರು. ಜಪಾನಿನ ಡಾಕ್ಟರ್ ಶಿನೊಬು ಇಶಿಹಾರ 1917ರಲ್ಲಿ ಪ್ರಕಟಿಸಿದ ಪರೀಕ್ಷೆ ಅದು. ನನಗೆ ಅಂಕಿ ಕಾಣಲಿಲ್ಲ, ಕೆಲಸವೂ ಸಿಗಲಿಲ್ಲ. ರೈಲು ಓಡಿಸುವ ಕನಸು ಕಾಣುವ ಮಗುವಿಗೆ ಇದು ಎಂಟನೇ ತರಗತಿಯಲ್ಲೇ ತಿಳಿದರೆ ಬೇರೆ ದಾರಿ ಹುಡುಕಲು ಸಮಯವಿರುತ್ತದೆ. ಎಲ್ಲ ಬಾಗಿಲೂ ಮುಚ್ಚಿರುವುದಿಲ್ಲ. ಈ ದೋಷ ಅಲ್ಪ ಅಥವಾ ಮಧ್ಯಮ ಮಟ್ಟದಲ್ಲಿದ್ದರೆ ವಾಹನ ಚಾಲನಾ ಪರವಾನಗಿ ಕೊಡಬಹುದೆಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ಬದಲಿಸಿದೆ.

ಹಾಗಾಗಿ ಶಾಲೆಗೆ ನನ್ನ ಕೋರಿಕೆ ಮೂರು. ಒಂದು, ಆಟದ ತಂಡಗಳನ್ನು ಕೆಂಪು-ಹಸಿರು ಎಂದು ವಿಂಗಡಿಸಬೇಡಿ. ಹಳದಿ ಮತ್ತು ಗಾಢ ನೀಲಿ ಇರಲಿ. ಎರಡು, ಮಕ್ಕಳ ಕಣ್ಣಿನ ತಪಾಸಣೆ ನಡೆದಾಗ ಆ ಚುಕ್ಕೆಗಳ ಪುಸ್ತಕವನ್ನೂ ತೋರಿಸಲು ಕೇಳಿ. ಮೂರು, ಎದುರಾಳಿಗೆ ಚೆಂಡು ಕೊಟ್ಟ ಹುಡುಗನನ್ನಾಗಲಿ, ಭೂಪಟದಲ್ಲಿ ಬಣ್ಣ ತಪ್ಪಿ ತುಂಬಿದ ಹುಡುಗಿಯನ್ನಾಗಲಿ ದಡ್ಡರೆಂದು ಗದರಿಸುವ ಮೊದಲು ಒಮ್ಮೆ ಪಕ್ಕಕ್ಕೆ ಕರೆದು ಕೇಳಿ.

ಆಟದ ಮೈದಾನಕ್ಕೆ ಹಳದಿ ಮತ್ತು ನೀಲಿ ಜರ್ಸಿಗಳ ಎರಡು ಜೊತೆ ಕೊಡುವುದಾಗಿ ನಮ್ಮ ತಂಡದ ಹಳೆಯ ಗೆಳೆಯರು ಒಪ್ಪಿದ್ದಾರೆ. ದೈಹಿಕ ಶಿಕ್ಷಕರು ದಯವಿಟ್ಟು ಸ್ವೀಕರಿಸಬೇಕು.