ಹೊಳೆಗಾಗಿ ನೀಲಗಿರಿ ಕಿತ್ತವರು

ನದಿ ಉಳಿಸುವುದು ಅಂದಕೂಡಲೇ ನಮಗೆ ನೆನಪಾಗುವುದು ದಡದ ಪ್ಲಾಸ್ಟಿಕ್ ಆರಿಸುವ ಶ್ರಮದಾನ, ಸಂಜೆಯ ಆರತಿ. ಬೇಡ ಅನ್ನುವುದಿಲ್ಲ. ಆದರೆ ತುಂಗಭದ್ರೆಯ ದಂಡೆಯ ಜನ 1980ರ ದಶಕದಲ್ಲಿ ಹಿಡಿದ ದಾರಿಯೇ ಬೇರೆ.

ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ನೀಲಗಿರಿ ಮರ ಬೇಯಿಸಿ ರೇಯಾನ್ ನೂಲಿಗೆ ತಿರುಳು ತೆಗೆಯುತ್ತಿತ್ತು. ಮರದಲ್ಲಿ ನೂಲಿಗೆ ಒದಗುವ ನಾರು ಹೆಚ್ಚುಕಡಿಮೆ ಅರ್ಧ. ನಾರನ್ನು ಬೆಸೆದಿರುವ ಲಿಗ್ನಿನ್, ಉಳಿದ ಅಂಟು ಎಲ್ಲ ರಾಸಾಯನಿಕದಲ್ಲಿ ಕರಗಿ ಕಡುಗಂದು ದ್ರವವಾಗುತ್ತದೆ. ಇಂಥದ್ದು ಸರಿಯಾಗಿ ಸಂಸ್ಕರಣೆಯಾಗದೆ ಹೊಳೆ ಸೇರಿದರೆ, ಅದನ್ನು ತಿನ್ನಲು ಮುತ್ತುವ ಸೂಕ್ಷ್ಮಜೀವಿಗಳೇ ನೀರಿನ ಆಮ್ಲಜನಕವನ್ನು ಖಾಲಿ ಮಾಡುತ್ತವೆ. ಬೇಸಿಗೆಯಲ್ಲಿ ಹರಿವು ಸಣ್ಣದಾದಾಗಂತೂ ಮೀನು ಉಸಿರಿಗಾಗಿ ಮೇಲೆ ಬಂದು ಬಾಯಿ ಬಿಡುತ್ತದೆ, ಆಮೇಲೆ ತೇಲುತ್ತದೆ. ಕೆಳಗಿನ ಊರುಗಳ ಮೀನುಗಾರರು ಬಲೆ ಎಳೆದಾಗ ಕಂಡದ್ದು ಅದನ್ನೇ. ಅವರಿಗೆ ಪ್ರಯೋಗಾಲಯದ ವರದಿ ಬೇಕಿರಲಿಲ್ಲ.

ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆ ಈ ಜನರ ಜೊತೆ ನಿಂತಿತು. ಅಷ್ಟರಲ್ಲಿ, 1984ರಲ್ಲಿ, ಸರ್ಕಾರ ಅದೇ ಕಂಪನಿಯ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಟ್ಟಿ, ಸುಮಾರು 30,000 ಹೆಕ್ಟೇರ್ ಜಮೀನನ್ನು 40 ವರ್ಷಕ್ಕೆ ಪುಕ್ಕಟೆ ಅನ್ನುವಂತೆ ಕೊಟ್ಟಿತು. ಊರ ದನ ಮೇಯುತ್ತಿದ್ದ, ಬಡವರು ಸೌದೆ ತರುತ್ತಿದ್ದ ಜಾಗದಲ್ಲಿ ನೀಲಗಿರಿ ಎದ್ದಿತು. ಹೊಳೆ ಕೆಡಿಸುವ ಪೈಪಿನ ಇನ್ನೊಂದು ತುದಿ ತಮ್ಮ ಗೋಮಾಳದಲ್ಲೇ ಇದೆ ಅನ್ನುವುದು ಹಳ್ಳಿಯವರಿಗೆ ಅರ್ಥವಾಯಿತು. 1987ರ ನವೆಂಬರಿನಲ್ಲಿ ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ನೆಟ್ಟರು. ಅದೇ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ. ಈ ಜಮೀನು ಕೊಟ್ಟದ್ದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದ ಅರ್ಜಿಯಲ್ಲಿ ಶಿವರಾಮ ಕಾರಂತರ ಹೆಸರೂ ಇತ್ತು. 1991ರಲ್ಲಿ ಆ ಪಲ್ಪ್‌ವುಡ್ ಕಂಪನಿ ಮುಚ್ಚಿತು. ಇದನ್ನು ನಾವು ಸಾಮಾನ್ಯವಾಗಿ ಭೂಮಿಯ ಹೋರಾಟವೆಂದೇ ಓದುತ್ತೇವೆ; ಹೊಳೆಯ ಕಥೆ ಕೈಬಿಟ್ಟುಹೋಗುತ್ತದೆ.

ಹಾಗಂತ ತುಂಗಭದ್ರೆ ತಿಳಿಯಾಯಿತು ಅಂತಲ್ಲ. ಈಗ ಶಿವಮೊಗ್ಗ, ಭದ್ರಾವತಿ, ಹರಿಹರದ ಚರಂಡಿಗಳು ಹೊಳೆ ಸೇರುತ್ತಿವೆ. 2024ರಲ್ಲಿ ಶೃಂಗೇರಿಯಿಂದ ಹೊಳೆಗುಂಟ ಪಾದಯಾತ್ರೆ ಹೊರಟಿತು; ಒಳ್ಳೆಯದೇ ಆಯಿತು. ನನ್ನದೊಂದೇ ಸಲಹೆ: ಮುಂದಿನ ಸಲ ನಡೆಯುವವರು ಪ್ರತಿ ಊರಿನ ಕೊಳಚೆ ನೀರು ಶುದ್ಧೀಕರಣ ಘಟಕದ ಗೇಟಿಗೂ ಹೋಗಿ, ಕಳೆದ ವರ್ಷದ ಕರೆಂಟ್ ಬಿಲ್ ಕೇಳಲಿ. ಯಂತ್ರ ಎಷ್ಟು ಓಡಿದೆ ಅನ್ನುವುದು ಉದ್ಘಾಟನೆಯ ಕಲ್ಲಿಗಿಂತ ಅದರಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.