ಜಲಶುದ್ಧಿಯೂ ಮಾತೃರಕ್ಷಣೆಯೂ



ಅಷ್ಟಾವರಣಗಳಲ್ಲಿ ಪಾದೋದಕಕ್ಕೆ ಸ್ಥಾನವಿತ್ತ ಸಮಾಜವು ಕುಡಿಯುವ ನೀರಿನ ಶುದ್ಧಿಯನ್ನು ಉಪೇಕ್ಷಿಸಲಾಗದು. ಬಟ್ಟೆಯಲ್ಲಿ ಸೋಸಿದ ತಿಳಿನೀರೆಲ್ಲವೂ ನಿರ್ದೋಷವಲ್ಲ. ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾವೇ ಇದಕ್ಕೆ ನಿದರ್ಶನ. ಚಿನ್ನದ ಗಣಿಯಿದ್ದ ಆ ಸೀಮೆಯ ಕೊಳವೆಬಾವಿಗಳಲ್ಲಿ ಆರ್ಸೆನಿಕ್ ಎಂಬ ಪಾಷಾಣವಿಷವು ಬೆರೆತು, ಜನರ ಅಂಗೈ ಅಂಗಾಲುಗಳು ಒರಟಾಗಿ ಗಂಟುಗಟ್ಟಿದುದನ್ನು 2013ರಲ್ಲಿ ಪ್ರಕಟವಾದ ಸಂಶೋಧನೆಯು ತಿಳಿಸಿತು. ಈ ವಿಷಕ್ಕೆ ಬಣ್ಣವಿಲ್ಲ, ರುಚಿಯಿಲ್ಲ, ಕುದಿಸಿದರೂ ಅಳಿಯದು. ಲೀಟರಿಗೆ 0.01 ಮಿಲಿಗ್ರಾಮನ್ನು ಅದು ಮೀರಬಾರದು. ಗರ್ಭಿಣಿಯು ಕುಡಿದ ವಿಷವು ಹೊಕ್ಕುಳಬಳ್ಳಿಯ ಮೂಲಕ ಶಿಶುವನ್ನು ಮುಟ್ಟುವುದು. ಗರ್ಭಪಾತ, ಮೃತಜನನಗಳ ಭಯವು ಹೆಚ್ಚುವುದು. ಅದನ್ನು ಆ ತಾಯಿಯ ಕರ್ಮಫಲವೆಂದು ನಿಂದಿಸುವುದು ಧರ್ಮವಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಗಳೂ ಆಳವಾದ ಕೊಳವೆಬಾವಿಗಳನ್ನೇ ನೆಚ್ಚಿರುವುದರಿಂದ, ಪ್ರತಿಯೊಂದು ಬಾವಿಯ ನೀರನ್ನೂ ಪರೀಕ್ಷೆ ಮಾಡಿಸಿ, ನಿರ್ದೋಷವಾದುದನ್ನೇ ತಾಯಂದಿರ ಕೊಡಕ್ಕೆ ತುಂಬಿಸುವುದು ನಿಜವಾದ ದಾಸೋಹವು.